ಐದು ವ್ಯಾಟ್‌ನ ವಾಲ್ವ್ ಆಂಪ್: ಬ್ಲೂಸ್ ನುಡಿಸುವವರು ಕೊಳ್ಳುವ ಮುಂಚೆ

ಹುಬ್ಬಳ್ಳಿಯಲ್ಲಿ ಗಿಟಾರ್ ಸಿಗುತ್ತದೆ, ಅದರ ದನಿಯನ್ನು ದೊಡ್ಡದು ಮಾಡುವ ಸಣ್ಣ ಟ್ರಾನ್ಸಿಸ್ಟರ್ ಆಂಪೂ (ಆಂಪ್ಲಿಫೈಯರ್) ಸಿಗುತ್ತದೆ. ಟ್ಯೂಬ್ ಆಂಪ್ ಮಾತ್ರ ಅಂಗಡಿಯಲ್ಲಿ ಇಟ್ಟು ಮಾರುವುದು ಅಪರೂಪ. ಬೆಂಗಳೂರಿನಿಂದಲೋ ಮುಂಬೈಯಿಂದಲೋ ತರಿಸಬೇಕು, ಇಲ್ಲವೇ ಯಾರೋ ಬಳಸಿ ಬಿಟ್ಟಿದ್ದನ್ನು ಕೊಳ್ಳಬೇಕು. ನುಡಿಸಿ ನೋಡಿ ಆರಿಸುವ ಅವಕಾಶ ಹೆಚ್ಚಿನವರಿಗೆ ಇಲ್ಲ. ಕಾಗದದ ಮೇಲಿನ ಅಂಕಿಗಳನ್ನು ಓದಿಯೇ ದುಡ್ಡು ಹಾಕಬೇಕು. ಆ ಅಂಕಿಗಳಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ವ್ಯಾಟ್ ಮೇಲೆ, ಎಡವುವುದೂ ಅಲ್ಲೇ.

ಟ್ಯೂಬ್ ಎಂದರೆ ಇಲ್ಲಿ ಟ್ಯೂಬ್‌ಲೈಟ್ ಅಲ್ಲ, ಹಳೆಯ ರೇಡಿಯೋದ ವಾಲ್ವ್. ಧಾರವಾಡದಲ್ಲಿ ಆಕಾಶವಾಣಿ ಶುರುವಾದ 1950ರ ಹೊತ್ತಿನ ರೇಡಿಯೋಗಳು ಸ್ವಿಚ್ ಹಾಕಿದ ಕೂಡಲೇ ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆ ಕೆಂಪಗೆ ಕಾಯುವವರೆಗೆ ಕಾಯಬೇಕಿತ್ತು. ಅದೇ ವಸ್ತುವನ್ನು ಅಮೆರಿಕದವರು ಟ್ಯೂಬ್ ಎನ್ನುತ್ತಾರೆ, ಬ್ರಿಟನ್ನಿನವರು ವಾಲ್ವ್ ಎನ್ನುತ್ತಾರೆ. ಮನೆಯ ಹಿರಿಯರಿಗೆ ವಾಲ್ವ್ ಎಂದರೆ ತಟ್ಟನೆ ಗೊತ್ತಾಗುತ್ತದೆ.

ಬ್ಲೂಸ್‌ಗೆ ಇದು ಯಾಕೆ ಬೇಕು? ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ, ಅದರಲ್ಲಿ ಗಿಟಾರಿನ ಪ್ರಾಣ ತಂತಿ ಎಳೆಯುವುದರಲ್ಲಿದೆ. ಕೋಮಲ ಗಾಂಧಾರದಿಂದ ಶುದ್ಧ ಗಾಂಧಾರದ ಕಡೆಗೆ ತಂತಿಯನ್ನು ಜಗ್ಗಿ, ಎರಡರ ನಡುವೆ ಎಲ್ಲೋ ನಿಲ್ಲಿಸುವುದು. ಮೀಂಡ್ ಕೇಳಿ ಬೆಳೆದ ಧಾರವಾಡದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಗಿಟಾರಿನ ತಂತಿಯ ನಾದ ಮೀಟಿದ ಕೂಡಲೇ ಕುಸಿಯಲು ತೊಡಗುತ್ತದೆ. ವಾಲ್ವ್ ತನ್ನ ಶಕ್ತಿಯ ಅಂಚಿಗೆ ಬಂದಾಗ ಎರಡು ಕೆಲಸ ಮಾಡುತ್ತದೆ. ಮೀಟಿನ ಮೊದಲ ಏಟನ್ನು ಒತ್ತಿ ಹಿಡಿಯುತ್ತದೆ, ಹಾಗಾಗಿ ಹಿಂದೆ ಬರುವ ನಾದ ಅದಕ್ಕೆ ಸರಿಸಮವಾಗಿ ಉದ್ದಕ್ಕೆ ನಿಲ್ಲುತ್ತದೆ. ಜೊತೆಗೆ ಅಲೆಯ ತಲೆಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಅಲ್ಲದೆ ಉಜ್ಜಿ ದುಂಡಗೆ ಮಾಡುತ್ತದೆ, ದನಿ ಸ್ವಲ್ಪ ಒಡೆಯುತ್ತದೆ. ಮೆಲ್ಲಗೆ ಮೀಟಿದರೆ ಶುಭ್ರ, ಬಿರುಸಾಗಿ ಮೀಟಿದರೆ ಒಡಕು. ಈ ಅಂಚಿನಲ್ಲಿ ನುಡಿಸುವುದೇ ಬ್ಲೂಸ್ ಟೋನ್. ಆದ್ದರಿಂದ ಕೇಳಬೇಕಾದ್ದು ಆಂಪ್ ಎಷ್ಟು ವ್ಯಾಟ್ ಎಂದಲ್ಲ. ನಿಮ್ಮ ಕೋಣೆ ತಾಳಿಕೊಳ್ಳುವ ಸಪ್ಪಳದಲ್ಲಿ ಅದು ಆ ಅಂಚಿಗೆ ಬರುತ್ತದೆಯೇ ಎಂದು.

ವ್ಯಾಟ್ ಮತ್ತು ಕಿವಿ

50 ವ್ಯಾಟ್ ಆಂಪ್ 5 ವ್ಯಾಟ್‌ಗಿಂತ ಹತ್ತು ಪಟ್ಟು ಜೋರು ಎಂದುಕೊಳ್ಳುವುದು ಸಹಜ, ಆದರೆ ತಪ್ಪು. ವ್ಯಾಟ್ ಹತ್ತು ಪಟ್ಟಾದರೆ ಏರುವುದು 10 ಡೆಸಿಬೆಲ್, ಕಿವಿಗೆ ಅದು ಸುಮಾರು ಇಮ್ಮಡಿ ಸದ್ದು ಅನಿಸುತ್ತದೆ, ಅಷ್ಟೇ. ವ್ಯಾಟ್ ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬೆಲ್. 15 ವ್ಯಾಟ್‌ಗೂ 22 ವ್ಯಾಟ್‌ಗೂ ಇರುವ ಅಂತರ 2 ಡೆಸಿಬೆಲ್ ಕೂಡ ಇಲ್ಲ, ಕೋಣೆಯ ಬಾಗಿಲು ತೆರೆದರೆ ಮುಚ್ಚಿದರೆ ಅಷ್ಟು ವ್ಯತ್ಯಾಸ ಬಂದೀತು.

ಇದೇ ಲೆಕ್ಕವನ್ನು ಕೆಳಗಿನಿಂದ ನೋಡಿ. ಗಿಟಾರ್ ಸ್ಪೀಕರಿನ ಕಾಗದದಲ್ಲಿ ‘ಸೆನ್ಸಿಟಿವಿಟಿ’ ಎಂಬ ಅಂಕಿ ಇರುತ್ತದೆ: 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು. ಅದು 97 ಇದ್ದರೆ, 5 ವ್ಯಾಟ್‌ಗೆ ಇನ್ನೊಂದು 7 ಸೇರಿ 104 ಡೆಸಿಬೆಲ್. ಹತ್ತು ಹನ್ನೆರಡು ಅಡಿಯ ಆರ್‌ಸಿಸಿ ಕೋಣೆಯಲ್ಲಿ, ಫರ್ಸಿ ನೆಲದ ಮೇಲೆ, ಇದು ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವಷ್ಟು ಸದ್ದು. ಹಳೆಯ ಮಾಳಿಗೆ ಮನೆಯ ಮಣ್ಣಿನ ದಪ್ಪ ಗೋಡೆ, ಜಂತಿಯ ಸೂರು ಕೊಂಚ ಕರುಣೆ ತೋರಿಸುತ್ತವೆ. ಆದರೂ 5 ವ್ಯಾಟ್ ‘ಮಲಗುವ ಕೋಣೆಯ ಆಂಪ್’ ಎನ್ನುವುದು ಮಾರುವವರ ಮಾತು. ರಾತ್ರಿ ಹತ್ತರ ಮೇಲೆ ನುಡಿಸುವವರಿಗೆ ಬೇಕಾಗಿರುವುದು 1 ವ್ಯಾಟ್, ಇಲ್ಲವೇ ಅದಕ್ಕೂ ಕಡಿಮೆ.

ಹಾಗಾದರೆ 5 ವ್ಯಾಟ್ ಯಾರಿಗೆ? ಹಗಲು ಮನೆಯಲ್ಲಿ ನುಡಿಸುವವರಿಗೆ, ರೆಕಾರ್ಡ್ ಮಾಡುವವರಿಗೆ, ತಬಲಾ ಅಥವಾ ಕಹೋನ್ (ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ) ಜೊತೆ ಪಡಸಾಲೆಯಲ್ಲಿ ಕೂರುವವರಿಗೆ. ಪೂರ್ತಿ ಡ್ರಮ್ ಸೆಟ್ ಪಕ್ಕದಲ್ಲಿದ್ದರೆ 5 ವ್ಯಾಟ್ ಕೇಳಿಸುತ್ತದೆ, ಆದರೆ ಸದಾ ಒಡೆದ ದನಿಯಲ್ಲೇ. ಶುಭ್ರವಾದ ದನಿಗೆ ಜಾಗ ಉಳಿಯುವುದಿಲ್ಲ. ಅಂಥವರಿಗೆ 12ರಿಂದ 15 ವ್ಯಾಟ್ ಸರಿ. ಕಾಲೇಜಿನ ವೇದಿಕೆ, ಕಲಾಭವನದಂಥ ಸಭಾಂಗಣ ಅಂದರೆ ಹೇಗೂ ಆಂಪ್ ಮುಂದೆ ಮೈಕ್ ಇಡುತ್ತಾರೆ, ಅಲ್ಲಿ ಆಂಪಿನ ವ್ಯಾಟ್ ಲೆಕ್ಕಕ್ಕೇ ಬರುವುದಿಲ್ಲ. ಶೂರ್ ಎಸ್‌ಎಂ57ರಂಥ ಮೈಕನ್ನು ಸ್ಪೀಕರ್ ಜಾಲರಿಗೆ ಎರಡು ಬೆರಳು ದೂರ, ನಟ್ಟನಡುವಿನ ಬೊಟ್ಟಿನಿಂದ ಒಂದಿಷ್ಟು ಪಕ್ಕಕ್ಕೆ ಇಟ್ಟರೆ 5 ವ್ಯಾಟ್ ಸಾವಿರ ಜನಕ್ಕೆ ಮುಟ್ಟುತ್ತದೆ.

6ವಿ6 ಮತ್ತು ಇಎಲ್84

ಸಣ್ಣ ಆಂಪುಗಳ ಒಳಗೆ ಎರಡು ಬಗೆಯ ವಾಲ್ವ್ ಇರುತ್ತವೆ. ಗಿಟಾರಿನ ದುರ್ಬಲ ಸಂಕೇತವನ್ನು ದೊಡ್ಡದು ಮಾಡುವ ಸಣ್ಣ ವಾಲ್ವ್ ಬಹುತೇಕ ಎಲ್ಲ ಕಡೆ 12ಎಎಕ್ಸ್7, ಯೂರೋಪಿನ ಹೆಸರು ಇಸಿಸಿ83. ಸ್ಪೀಕರನ್ನು ಓಡಿಸುವ ಪವರ್ ವಾಲ್ವ್ ಸಾಮಾನ್ಯವಾಗಿ 6ವಿ6 ಅಥವಾ ಇಎಲ್84. ದನಿಯ ಗುಣ ಬೇರೆಯಾಗುವುದು ಇಲ್ಲಿ.

6ವಿ6 ಅಮೆರಿಕದ ದನಿ. ಫೆಂಡರ್ ಚಾಂಪ್, ಪ್ರಿನ್ಸ್‌ಟನ್, ಡೀಲಕ್ಸ್ ಎಲ್ಲವೂ ಇದರ ಮೇಲೆ ನಿಂತವು. ಒಡೆಯುವಾಗ ನಿಧಾನವಾಗಿ, ದುಂಡಗೆ ಒಡೆಯುತ್ತದೆ. ಇಎಲ್84 ಬ್ರಿಟನ್ನಿನ ವಾಕ್ಸ್ ಕಂಪನಿಯ ಎಸಿ15ರ ವಾಲ್ವ್. ಮೇಲಿನ ಸ್ವರಗಳಲ್ಲಿ ಹೊಳಪು ಹೆಚ್ಚು, ಒಡಕು ಬೇಗ, ಸ್ವಲ್ಪ ಒರಟು. ನಮ್ಮ ಮಾತಲ್ಲಿ ಹೇಳಬೇಕೆಂದರೆ 6ವಿ6 ಹಂಚಿನಿಂದ ಆಗಷ್ಟೇ ಇಳಿದ ಮೆತ್ತನೆಯ ರೊಟ್ಟಿ, ಇಎಲ್84 ಖಡಕ್ ರೊಟ್ಟಿ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಒಂಟಿ ಸುರುಳಿ) ಇರುವ, ಮೊದಲೇ ಚುರುಕು ದನಿಯ ಗಿಟಾರಿಗೆ 6ವಿ6 ಹೊಂದುತ್ತದೆ. ಜೋಡಿ ಸುರುಳಿಯ ಹಂಬಕರ್ ಪಿಕಪ್ ಇರುವ, ದಪ್ಪ ದನಿಯ ಗಿಟಾರಿಗೆ ಇಎಲ್84 ಕೊಂಚ ಬೆಳಕು ಕೊಡುತ್ತದೆ. ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಕೇಳದೆ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪವರ್ ವಾಲ್ವ್ ಒಂದೇ ಇದೆಯೇ, ಜೋಡಿ ಇದೆಯೇ ಎಂಬುದೂ ಮುಖ್ಯ. ಒಂಟಿ ವಾಲ್ವಿನ ಆಂಪ್ 4–5 ವ್ಯಾಟ್‌ಗೆ ನಿಲ್ಲುತ್ತದೆ, ಮೂಲ ಸ್ವರದ ಎರಡು, ನಾಲ್ಕು ಪಟ್ಟಿನಂಥ ಸಮ ಸಂಖ್ಯೆಯ ಹಾರ್ಮೋನಿಕ್‌ಗಳು ಅದರಲ್ಲಿ ಹೆಚ್ಚಾದ್ದರಿಂದ ಒಡಕು ಸಿಹಿಯಾಗಿರುತ್ತದೆ, ಬೇಸ್ ಮಾತ್ರ ಬೇಗ ಮೆತ್ತಗಾಗುತ್ತದೆ. ಜೋಡಿ ವಾಲ್ವಿನದು 12 ವ್ಯಾಟ್ ಮೇಲೆ ಹೋಗುತ್ತದೆ, ಬೇಸ್ ಬಿಗಿ. ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಕೆಲಸಕ್ಕೂ ಹಳೆಯ ಚಾಂಪಿನಲ್ಲಿ 5ವೈ3 ಎಂಬ ವಾಲ್ವ್ ಇದೆ. ಬಿರುಸಾಗಿ ಮೀಟಿದಾಗ ಅದರ ವೋಲ್ಟೇಜ್ ಕ್ಷಣಕಾಲ ಕುಗ್ಗಿ ಮತ್ತೆ ಏಳುತ್ತದೆ, ನುಡಿಸುವವರ ಬೆರಳಿಗೆ ತಂತಿ ರಬ್ಬರಿನಂತೆ ಹಿಗ್ಗಿದ ಅನುಭವ. ಅದು ಬೇಕೆನಿಸಿದರೆ ಕಾಗದದಲ್ಲಿ ‘ಟ್ಯೂಬ್ ರೆಕ್ಟಿಫೈಯರ್’ ಎಂದು ಇದೆಯೇ ನೋಡಿ.

ಇಲ್ಲೊಂದು ಮೋಸದ ಜಾಗವಿದೆ. ಒಂದೇ ಒಂದು 12ಎಎಕ್ಸ್7 ಹಾಕಿ, ಸ್ಪೀಕರ್ ಓಡಿಸುವ ಕೆಲಸವನ್ನು ಟ್ರಾನ್ಸಿಸ್ಟರಿಗೆ ಬಿಟ್ಟ ಆಂಪುಗಳೂ ‘ಟ್ಯೂಬ್’ ಹೆಸರಲ್ಲೇ ಮಾರಾಟವಾಗುತ್ತವೆ. ಆರೆಂಜ್ ಮೈಕ್ರೋ ಟೆರರ್ ಆ ಜಾತಿಯದು: 20 ವ್ಯಾಟ್, ತೂಕ ಒಂದು ಕಿಲೋ ಒಳಗೆ. ಅದು ಕೆಟ್ಟ ಆಂಪ್ ಅಲ್ಲ, ಆದರೆ ಮೇಲೆ ಹೇಳಿದ ಅಂಚು ಅದರಲ್ಲಿಲ್ಲ. ‘ಪವರ್ ಟ್ಯೂಬ್ ಯಾವುದು?’ ಎಂದು ಕೇಳಿ. ಉತ್ತರ ಬರದಿದ್ದರೆ ತೂಕ ಕೇಳಿ. ನಿಜವಾದ ವಾಲ್ವ್ ಆಂಪಿನಲ್ಲಿ ಎರಡು ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರಲೇಬೇಕು, ಒಂದು ಕಿಲೋದಲ್ಲಿ ಅವು ಕೂರುವುದಿಲ್ಲ.

ಸ್ಪೀಕರನ್ನು ಮರೆಯುವವರೇ ಹೆಚ್ಚು

94 ಡೆಸಿಬೆಲ್ ಸ್ಪೀಕರ್ ತೆಗೆದು 100 ಡೆಸಿಬೆಲ್‌ನದು ಹಾಕಿದರೆ 6 ಡೆಸಿಬೆಲ್ ಲಾಭ. ಅಂದರೆ 5 ವ್ಯಾಟ್ ಆಂಪ್ 20 ವ್ಯಾಟ್‌ನಷ್ಟು ಕೂಗುತ್ತದೆ, ಒಂದು ಪೈಸೆಯ ವಾಲ್ವ್ ಬದಲಿಸದೆ. ತಿರುಗಿಸಿಯೂ ಯೋಚಿಸಬಹುದು: ಮನೆಯಲ್ಲಿ ಸಪ್ಪಳ ಕಡಿಮೆ ಮಾಡಿ ಒಡಕು ಉಳಿಸಿಕೊಳ್ಳಬೇಕಿದ್ದರೆ ಕಡಿಮೆ ಸೆನ್ಸಿಟಿವಿಟಿಯ ಸ್ಪೀಕರೇ ಒಳ್ಳೆಯದು. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ 98, ಅದೇ ಕಂಪನಿಯ ವಿಂಟೇಜ್ 30 ನೂರು ಡೆಸಿಬೆಲ್. ಮೊದಲನೆಯದು ಬ್ಲೂಸ್‌ಗೆ ಹೆಚ್ಚು ಹೊಂದುತ್ತದೆ, ಎರಡನೆಯದರ ಮೇಲಿನ ಮಧ್ಯಮ ಸ್ವರಗಳು ಕಿವಿಗೆ ಚುಚ್ಚಬಹುದು. ಎಂಟಿಂಚಿನ ಸ್ಪೀಕರ್ ಪೆಟ್ಟಿಗೆಯಂತೆ ಗೊಣಗುತ್ತದೆ. ಅದೇ ಆಂಪಿಗೆ ಹನ್ನೆರಡಿಂಚಿನದನ್ನು ಹೊರಗಿನಿಂದ ಜೋಡಿಸಿದರೆ ಬೇರೆಯೇ ಆಂಪ್ ಅನಿಸುತ್ತದೆ.

ಮೈಕ್‌ಸೆಟ್‌ನವರ ಹತ್ತಿರ ಸಿಗುವ ಸ್ಪೀಕರ್ ಪೆಟ್ಟಿಗೆ ಮಾತ್ರ ಬೇಡ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಜ್ ಮೇಲಿನದನ್ನು ತಾನೇ ನುಂಗಿಬಿಡುತ್ತದೆ, ಒಡಕು ಕಿವಿಗೆ ಹಿತವಾಗುವುದು ಅದರಿಂದಲೇ. ಟ್ವೀಟರ್ (ತೀರ ಮೇಲಿನ ಸ್ವರಗಳಿಗೆಂದೇ ಇರುವ ಸಣ್ಣ ಸ್ಪೀಕರ್) ಇರುವ ಪೆಟ್ಟಿಗೆಯಲ್ಲಿ ಅದೇ ಒಡಕು ಕಾದ ಎಣ್ಣೆಗೆ ನೀರು ಬಿದ್ದಂತೆ ಚರಗುಟ್ಟುತ್ತದೆ.

ಮಾಸ್ಟರ್ ವಾಲ್ಯೂಮ್ ಇರುವ ಆಂಪಿನಲ್ಲಿ ಸಣ್ಣ ವಾಲ್ವುಗಳಲ್ಲೇ ದನಿ ಒಡೆಸಿ, ಪವರ್ ವಾಲ್ವಿಗೆ ಕಡಿಮೆ ಕಳಿಸಬಹುದು. ರಾತ್ರಿಗೆ ಅನುಕೂಲ, ಆದರೆ ಆ ಒಡಕು ತೆಳು, ಜೇನುನೊಣದಂತೆ ಗುಂಯ್‌ಗುಡುತ್ತದೆ. ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಶಕ್ತಿಯನ್ನು ಶಾಖ ಮಾಡಿ ಕಳೆಯುವ ಅಟೆನ್ಯುಯೇಟರ್ ಅದಕ್ಕಿಂತ ಮೇಲು. ಬುಗೆರಾ ವಿ5ರಲ್ಲಿ ಅದು ಒಳಗೇ ಇದೆ: ಒಂಟಿ ಇಎಲ್84, 5, 1 ಮತ್ತು 0.1 ವ್ಯಾಟ್‌ಗೆ ಒಂದು ಸ್ವಿಚ್. ಕೇಳದೆ ಕೊಳ್ಳುವ ಮೊದಲ ಆಂಪ್ ಎಂದು ಕೇಳಿದರೆ ಇಂಥದ್ದನ್ನೇ ಹೇಳಬೇಕಾಗುತ್ತದೆ. ಫೆಂಡರ್ ಬ್ಲೂಸ್ ಜೂನಿಯರ್ ಹೆಸರಿನಲ್ಲೇ ಬ್ಲೂಸ್ ಇದ್ದರೂ ಒಳಗೆ ಜೋಡಿ ಇಎಲ್84, 15 ವ್ಯಾಟ್, ಹನ್ನೆರಡಿಂಚಿನ ಸ್ಪೀಕರ್. ಬ್ಯಾಂಡಿನಲ್ಲಿ ನುಡಿಸುವವರಿಗೆ ಒಳ್ಳೆಯದು, ಮನೆಯಲ್ಲಿ ಅದರ ಪವರ್ ವಾಲ್ವಿನಲ್ಲಿ ದನಿ ಒಡೆಯುವಷ್ಟು ಜೋರು ಮಾಡಲು ಆಗುವುದಿಲ್ಲ.

ನಮ್ಮ ಕರೆಂಟು

ವಿದೇಶದಲ್ಲಿ ಬರೆದ ಸಲಹೆಗಳಲ್ಲಿ ಈ ವಿಷಯ ಸಿಗುವುದಿಲ್ಲ, ಇಲ್ಲಿ ಆಂಪ್ ಸಾಯುವುದು ಹೆಚ್ಚಾಗಿ ಇದರಿಂದಲೇ. ವಾಲ್ವಿನ ಒಳಗಿನ ಹೀಟರಿಗೆ 6.3 ವೋಲ್ಟ್ ಬೇಕು, ಶೇಕಡಾ 10 ಆಚೀಚೆ ನಡೆಯುತ್ತದೆ: 5.67ರಿಂದ 6.93. ಟ್ರಾನ್ಸ್‌ಫಾರ್ಮರ್ 230 ವೋಲ್ಟಿಗೆ ಸುತ್ತಿದ್ದಾಗಿದ್ದು, ಮಧ್ಯರಾತ್ರಿ ಲೈನ್ 250ಕ್ಕೆ ಏರಿದರೆ ಹೀಟರಿಗೆ 6.85, ಗಡಿಯೊಳಗೇ ಇದೆ. ಆದರೆ 220 ಎಂದು ಬರೆದ ಆಂಪಿಗೆ ಅದೇ 250 ಬಂದರೆ 7.16, ಗಡಿ ದಾಟಿತು. ಬೇಸಿಗೆಯಲ್ಲಿ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಓಡುವಾಗ 190ಕ್ಕೆ ಇಳಿದರೆ 230ರ ಆಂಪಿನಲ್ಲಿ 5.2, ದನಿ ಸಪ್ಪೆಯಾಗಿ ವಾಲ್ವಿನ ಆಯುಷ್ಯವೂ ತಗ್ಗುತ್ತದೆ. ಕೊಳ್ಳುವಾಗ 230 ಅಥವಾ 240 ಎಂದು ಬರೆದದ್ದನ್ನೇ ಆರಿಸಿ. ಹಿಂಬದಿಯಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇದ್ದರೆ ಮೇಲಿನ ಅಂಕಿಗೆ ಇಡಿ. ಹಳ್ಳಿಯ ಲೈನಿನಲ್ಲಿರುವವರಿಗೆ ಸರ್ವೋ ಸ್ಟೆಬಿಲೈಸರ್ ದಂಡದ ಖರ್ಚಲ್ಲ.

ಅಮೆರಿಕದಿಂದ ನೆಂಟರು ಹೊತ್ತು ತಂದ 120 ವೋಲ್ಟ್ ಆಂಪಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಒಂದು ಕೊರತೆ ಉಳಿಯುತ್ತದೆ. ಅಲ್ಲಿನ ಕರೆಂಟು 60 ಹರ್ಟ್ಜ್, ನಮ್ಮದು 50. ಬರೀ 60ಕ್ಕೆಂದು ಲೆಕ್ಕ ಹಾಕಿದ ಕಬ್ಬಿಣದಲ್ಲಿ ಕಾಂತ ಪ್ರವಾಹ ಶೇಕಡಾ 20 ಹೆಚ್ಚಾಗಿ ಅದು ಬಿಸಿಯಾಗುತ್ತದೆ, ಗುಂಯ್‌ ಎನ್ನುತ್ತದೆ. ಅರ್ಧ ತಾಸು ಓಡಿಸಿ ಟ್ರಾನ್ಸ್‌ಫಾರ್ಮರ್ ಹೊರಮೈ ಮೇಲೆ ಕೈ ಇಡಲಾಗದಷ್ಟು ಕಾದರೆ ಅದು ನಮ್ಮ ಊರಿನ ಆಂಪಲ್ಲ.

5 ವ್ಯಾಟ್ ಸದ್ದಿಗೆ ಗೋಡೆಯಿಂದ ಸುಮಾರು 40 ವ್ಯಾಟ್ ಎಳೆಯುತ್ತದೆ, ಮನೆಯ ಇನ್ವರ್ಟರಿಗೆ ಅದು ಭಾರವೇನಲ್ಲ. ಆದರೆ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಝರ್ರೆನ್ನುವ ಸಪ್ಪಳ ಗಿಟಾರಿಗಿಂತ ಮುಂದೆ ಬರುತ್ತದೆ. ಸೈನ್ ವೇವ್ ಬೇಕು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬ್ ಕೂಡ ಇದೇ ತೊಂದರೆ ಕೊಡುತ್ತವೆ. ಆಂಪ್ ಕೆಟ್ಟಿದೆ ಎನ್ನುವ ಮುಂಚೆ ಅವನ್ನು ಒಂದೊಂದಾಗಿ ಆರಿಸಿ ನೋಡಿ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಮಾತ್ರ ಎಂದೂ ಚುಚ್ಚಬೇಡಿ. ತಂತಿಯ ಮೇಲೆ ಕೈ, ತುಟಿ ಮೈಕಿಗೆ ತಾಗಿದಾಗ ಹೊಡೆಯುವ ಶಾಕ್ ಜೀವ ತೆಗೆಯಬಹುದು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್

ವಾಲ್ವಿಗೂ ಸ್ಪೀಕರಿಗೂ ನಡುವೆ ನಿಂತು ಹೊಂದಾಣಿಕೆ ಮಾಡುವುದು ಇದು. ಒಂಟಿ 6ವಿ6ಗೆ 250 ವೋಲ್ಟಿನಲ್ಲಿ 5,000 ಓಮ್ ಭಾರ (ಲೋಡ್) ಬೇಕು, ಸ್ಪೀಕರಿನದು 8 ಓಮ್. 5,000ವನ್ನು 8ರಿಂದ ಭಾಗಿಸಿದರೆ 625, ಅದರ ವರ್ಗಮೂಲ 25. ಅಂದರೆ ಸುತ್ತುಗಳ ಅನುಪಾತ 25ಕ್ಕೆ 1. ಅದೇ ಜಾಗಕ್ಕೆ 4 ಓಮ್ ಸ್ಪೀಕರ್ ಚುಚ್ಚಿದರೆ ವಾಲ್ವಿಗೆ ಕಾಣುವುದು 2,500 ಓಮ್. ದನಿ ಬಡವಾಗುತ್ತದೆ, ವಾಲ್ವ್ ಬೇಗ ಸವೆಯುತ್ತದೆ. ಸ್ಪೀಕರೇ ಇಲ್ಲದೆ ಜೋರಾಗಿ ನುಡಿಸಿದರೆ ಇನ್ನೂ ಕೆಟ್ಟದ್ದು: ಶಕ್ತಿ ಹೋಗಲು ದಾರಿಯಿಲ್ಲದೆ ಸುರುಳಿಯಲ್ಲಿ ವೋಲ್ಟೇಜ್ ಸಾವಿರಾರಕ್ಕೆ ಚಿಮ್ಮಿ ಒಳಗೆ ಕಿಡಿ ಹಾರುತ್ತದೆ. ಸ್ಪೀಕರ್ ಜೋಡಿಸಲು ಗಿಟಾರ್ ಕೇಬಲ್ ಬಳಸುವುದೂ ತಪ್ಪು, ಅದರ ಒಳತಂತಿ ತೆಳು.

ಸುಟ್ಟ ಟ್ರಾನ್ಸ್‌ಫಾರ್ಮರನ್ನು ಮೋಟರ್ ರಿವೈಂಡಿಂಗ್ ಮಾಡುವವರ ಬಳಿ ಒಯ್ಯುವುದು ಇಲ್ಲಿ ಸಹಜ ಆಲೋಚನೆ. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆ ಒಳ್ಳೆಯ ಕೈಗಳಿವೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಆದರೆ ಅವರು ಚೆನ್ನಾಗಿಯೇ ಸುತ್ತಿಕೊಡುತ್ತಾರೆ. ಔಟ್‌ಪುಟ್‌ನದಕ್ಕೆ ಎರಡು ಮಾತು ಮೊದಲೇ ಹೇಳಿ. ಒಂದು, ಪ್ರೈಮರಿ (ವಾಲ್ವ್ ಕಡೆಯ ಸುರುಳಿ), ಸೆಕೆಂಡರಿ (ಸ್ಪೀಕರ್ ಕಡೆಯದು) ಎರಡನ್ನೂ ಒಂದರ ಮೇಲೊಂದು ಪದರ ಪದರವಾಗಿ ಹೆಣೆದು ಸುತ್ತಬೇಕು, ಇಲ್ಲವಾದರೆ ಮೇಲಿನ ಸ್ವರಗಳು ಸಾಯುತ್ತವೆ. ಇನ್ನೊಂದು, ಒಂಟಿ ವಾಲ್ವಿನ ಆಂಪಿನಲ್ಲಿ ಡಿಸಿ ಸದಾ ಹರಿಯುವುದರಿಂದ ಇ ಆಕಾರದ ತಗಡುಗಳನ್ನೆಲ್ಲ ಒಂದು ಕಡೆ, ಐ ಆಕಾರದವನ್ನು ಎದುರು ಕಡೆ ಇಟ್ಟು ನಡುವೆ ಕಾಗದದ ತೆಳು ಸಂದು ಬಿಡಬೇಕು. ರೂಢಿಯಂತೆ ಅದಲು ಬದಲಾಗಿ ಜೋಡಿಸಿದರೆ ಕಬ್ಬಿಣದಲ್ಲಿ ಕಾಂತತೆ ತುಂಬಿಹೋಗಿ ಬೇಸ್ ಸತ್ತು, ಆಂಪ್ ಮೂಗಿನಲ್ಲಿ ಮಾತಾಡುತ್ತದೆ.

ಒಳಗೆ ಕೈ ಹಾಕುವವರು ನೆನಪಿಡಬೇಕಾದ್ದು: ಸಣ್ಣ ಆಂಪಿನಲ್ಲೂ 300 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ವಾಲ್ವ್ ರೇಡಿಯೋ ರಿಪೇರಿ ಮಾಡಿದ ಹಿರಿಯ ಮೆಕ್ಯಾನಿಕ್ ಸಿಕ್ಕರೆ ಅವರಿಗೆ ಗಿಟಾರ್ ಆಂಪ್ ಹೊಸದಲ್ಲ. ಚಾಂಪ್ ಮಾದರಿಯ ಆಂಪಿನಲ್ಲಿ 6ವಿ6ರ ಕ್ಯಾಥೋಡಿನ 470 ಓಮ್ ರೆಸಿಸ್ಟರ್ ಮೇಲೆ ವೋಲ್ಟೇಜ್ ಅಳೆಯಲು ಅವರಿಗೆ ಹೇಳಿ. 19 ವೋಲ್ಟ್ ಬಂದರೆ ಕರೆಂಟ್ 40 ಮಿಲಿಆಂಪಿಯರ್; ವಾಲ್ವಿನ ಮೇಲೆ 320 ವೋಲ್ಟ್ ನಿಂತಿದ್ದರೆ ಅದು ತಾಳುತ್ತಿರುವುದು 12.8 ವ್ಯಾಟ್. 6ವಿ6ರ ಮಿತಿ 14. ಲೈನ್ ವೋಲ್ಟೇಜ್ ಹೆಚ್ಚಿರುವ ರಾತ್ರಿ ಅಳೆದರೆ ನಿಜವಾದ ಲೆಕ್ಕ ಸಿಗುತ್ತದೆ. ಅವರ ಡಬ್ಬಿಯಲ್ಲಿ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಗುರುತಿನ ಹಳೆಯ ಇಸಿಸಿ83 ಇದ್ದರೆ ಕೇಳಿ ಪಡೆಯಿರಿ, ನೇರವಾಗಿ 12ಎಎಕ್ಸ್7 ಜಾಗಕ್ಕೆ ಕೂರುತ್ತದೆ.

ಪಾರ್ಸೆಲ್ ಬಂದ ದಿನ

ಬಿಚ್ಚಿದ ಕೂಡಲೇ ಸ್ವಿಚ್ ಹಾಕಬೇಡಿ. ದಾರಿಯ ಕುಲುಕಾಟಕ್ಕೆ ವಾಲ್ವ್ ಸಾಕೆಟ್ಟಿನಿಂದ ಎದ್ದಿರುತ್ತದೆ; ಒಂದೊಂದನ್ನೂ ನೇರವಾಗಿ, ಅಲುಗಿಸದೆ ಒತ್ತಿ ಕೂರಿಸಿ. ಗಾಜಿನ ತುದಿಯ ಒಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ. ಸ್ಪೀಕರ್ ತಂತಿ ಜೋಡಿಸಿದ್ದು ಖಾತ್ರಿಯಾದ ಮೇಲೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ವಿಚ್ ಹಾಕಿ ಒಂದು ನಿಮಿಷ ಬಿಡಿ. ದೀಪ ಆರಿಸಿ ಹಿಂಬದಿಯಿಂದ ನೋಡಿ. ನಡುವೆ ಕಿತ್ತಳೆ ಬಣ್ಣದ ಹೀಟರ್ ಸರಿ, ಗಾಜಿನ ಒಳಮೈಯಲ್ಲಿ ನೀಲಿ ಮಸುಕೂ ಸರಿ. ಬೂದು ಬಣ್ಣದ ಲೋಹದ ತಗಡೇ ಕೆಂಪಾದರೆ ತಕ್ಷಣ ಆರಿಸಿ. ವಾಲ್ವ್ ತನ್ನ ಮಿತಿ ಮೀರಿ ಉರಿಯುತ್ತಿದೆ.

ಆಮೇಲೆ ವಾಲ್ಯೂಮ್ ಅರ್ಧಕ್ಕೆ ತಂದು ಪೆನ್ಸಿಲ್ಲಿನ ಹಿಂತುದಿಯಿಂದ 12ಎಎಕ್ಸ್7 ಮೇಲೆ ಮೆಲ್ಲಗೆ ತಟ್ಟಿ. ಟಕ್ ಎಂದರೆ ಚಿಂತೆಯಿಲ್ಲ, ಗಂಟೆಯಂತೆ ರಿಂಗಣಿಸಿದರೆ ಅಥವಾ ಕೂಗತೊಡಗಿದರೆ ಅದನ್ನು ಬದಲಿಸಬೇಕು. ಒಡಕು ತೀರ ಬೇಗ ಬರುತ್ತಿದ್ದರೆ ಮೊದಲ ಜಾಗದ 12ಎಎಕ್ಸ್7 ತೆಗೆದು 5751 ಹಾಕಿ ನೋಡಬಹುದು: ಮೊದಲಿನದರ ವರ್ಧನೆ 100, ಇದರದು 70. ಗಿಟಾರ್ ಚುಚ್ಚಿ, ಆಂಪನ್ನು ಬಿರುಸಾಗಿ ಮೀಟಿದಾಗ ಮಾತ್ರ ಒಡೆಯುವ ಜಾಗಕ್ಕೆ ತಂದು, ಗಿಟಾರಿನ ವಾಲ್ಯೂಮನ್ನು 10ರಿಂದ 5ಕ್ಕೆ ಇಳಿಸಿ. ಒಡಕು ಹೋಗಿ ದನಿ ಶುಭ್ರವಾಗಬೇಕು, ಮಂಕಾಗಬಾರದು. ಇದೊಂದು ಪರೀಕ್ಷೆಯಲ್ಲಿ ಸೋತ ಆಂಪನ್ನು ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆಯೇ ಮರಳಿ ಕಟ್ಟಿ ಕಳಿಸಿ. ಕಳಿಸುವಾಗ ಕನಿಷ್ಠ ಕಾಲು ತಾಸು ಆರಲು ಬಿಟ್ಟು, ವಾಲ್ವುಗಳನ್ನು ಕಿತ್ತು, ಬೇರೆಯಾಗಿ ಹತ್ತಿಯಲ್ಲಿ ಸುತ್ತಿಡಿ.